ಕನ್ನಡ ನಾಡಿನ ಕೊಟ್ಟಿಗೆಯ ಚರಿತ್ರೆ

ರಾಜರ ಚರಿತ್ರೆಯನ್ನು ಬರೆದವರು ನಮ್ಮಲ್ಲಿ ಹಲವರುಂಟು. ಮಠಮಂದಿರಗಳ ಚರಿತ್ರೆಯನ್ನು ಬರೆದವರೂ ಉಂಟು. ಆದರೆ ಆ ರಾಜರ ದಂಡಿಗೂ ಆ ಮಠಗಳ ದಾಸೋಹಕ್ಕೂ ಅನ್ನವನ್ನೊದಗಿಸಿದ ಒಕ್ಕಲಿನ ಮನೆಯ ಹಿತ್ತಲಲ್ಲಿ ಕಟ್ಟಿದ್ದ ಆಕಳು, ಎಮ್ಮೆ, ಆಡು, ಕುರಿಗಳ ಚರಿತ್ರೆಯನ್ನು ಒಂದೆಡೆಯಲ್ಲಿ ಹೇಳಿದವರು ವಿರಳ. ಸಿಂಹಾಸನಗಳು ಏರಿದವು, ಉರುಳಿದವು. ಕೊಟ್ಟಿಗೆಯು ಮಾತ್ರ ನಾಲ್ಕು ಸಾವಿರಕ್ಕೂ ಹೆಚ್ಚಿನ ವರ್ಷಗಳಿಂದ ಈ ನೆಲದಲ್ಲಿ ಒಂದೇ ಸಮನೆ ನಡೆದುಕೊಂಡು ಬಂದಿದೆ. ಮಠದ ಉತ್ಸವದ ನೆನಪಿಗಾಗಿ ಹೊರಡುವ ಈ ಸಂಪುಟದಲ್ಲಿ ಅದರ ಕಥೆಗೂ ಸ್ವಲ್ಪ ಎಡೆ ದೊರೆಯುವುದು ಉಚಿತವೆಂದು ಭಾವಿಸಿ, ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಒಂದು ಕುಟುಂಬವು ಅನ್ನದ ವಿಷಯದಲ್ಲಿ ಸ್ವಾವಲಂಬಿಯಾಗಿದೆಯೋ ಇಲ್ಲವೋ ಎಂಬುದು ಅದರ ಕೊಟ್ಟಿಗೆಯಲ್ಲಿರುವ ತಲೆಗಳ ಎಣಿಕೆಯಿಂದ ತಿಳಿಯದು. ಕೊಟ್ಟಿಗೆಯಲ್ಲಿ ಹುಟ್ಟಿದ ಹಾಲು, ಗೊಬ್ಬರ, ಮರಿಕರುಗಳಲ್ಲಿ ಎಷ್ಟು ಭಾಗವು ಆ ಮನೆಯಲ್ಲಿ ಮತ್ತು ಆ ಊರಿನಲ್ಲಿ ಉಳಿಯುತ್ತದೆಯೆಂಬುದೇ ಅದರ ಸರಿಯಾದ ಅಳತೆ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ನಮ್ಮ ನಾಡಿನ ಕೊಟ್ಟಿಗೆಯ ಚರಿತ್ರೆಯನ್ನು ನೋಡೋಣ.

ಬೂದಿದಿಬ್ಬಗಳು

ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳ ಬಯಲಿನಲ್ಲಿ ಅಲ್ಲಲ್ಲಿ ದೊಡ್ಡ ದೊಡ್ಡ ಬೂದಿಯ ದಿಬ್ಬಗಳು ಕಾಣಸಿಗುತ್ತವೆ. ಕುಡತಿನಿಯ ದಿಬ್ಬವು ಇವುಗಳಲ್ಲಿ ಪ್ರಸಿದ್ಧವಾದುದು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನರು ನಂಬಿಕೊಂಡು ಬಂದಿದ್ದಾರೆ. ೧೯ನೆಯ ಶತಮಾನದಲ್ಲಿ ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ಎಂಬುವರು ಇವು ದನದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಸುಟ್ಟ ಬೂದಿಯೆಂದು ಸೂಚಿಸಿದರು. ೧೯೫೭ರಲ್ಲಿ ರೇಮಂಡ್ ಆಲ್ಚಿನ್ ಅವರು ಇಂದಿನ ತೆಲಂಗಾಣಕ್ಕೆ ಸೇರಿದ ಉತ್ನೂರಿನ ದಿಬ್ಬವನ್ನು ಅಗೆಸಿದಾಗ, ಬೇಲಿಗಾಗಿ ನೆಟ್ಟ ಕಂಬಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ದೊರೆತು ಆ ಮಾತು ಸ್ಥಿರಪಟ್ಟಿತು. ಮುಂದೆ ೧೯೯೦ರ ದಶಕದಲ್ಲಿ ಪದ್ದಯ್ಯನವರು ಸುರಪುರದ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನದಿಂದ, ದೊಡ್ಡಿಯ ಮಗ್ಗುಲಲ್ಲಿಯೇ ಜನವಸತಿಯೂ ಇದ್ದಿತೆಂದು ವ್ಯಕ್ತವಾಯಿತು. ದನಗಳೊಡನೆ ಕುರಿ ಆಡುಗಳ ಎಲುಬುಗಳೂ ಅಲ್ಲಿ ದೊರೆತಿವೆ.

ಈ ಜನರು ದನಗಳ ಮಾಂಸವನ್ನು ತಿನ್ನುತ್ತಿದ್ದರೆಂಬುದಕ್ಕೂ ಸಾಕ್ಷಿಯುಂಟು. ಹುರುಳಿ, ಹೆಸರು, ಕಿರುಧಾನ್ಯಗಳನ್ನು ಅವರು ಬೆಳೆಯುತ್ತಿದ್ದರು. ಧಾನ್ಯ ಒಂದು ಕೈಯಾದರೆ ದನ ಮತ್ತೊಂದು ಕೈ. ಮಳೆ ತಪ್ಪಿ ಒಂದು ಕೈ ಸೋತಾಗ ಇನ್ನೊಂದು ಕೈ ಬಾಯಿಗೆ ತುತ್ತು ನೀಡುವ ವ್ಯವಸ್ಥೆ ಕನ್ನಡ ನಾಡಿನ ಒಣಭೂಮಿಯಲ್ಲಿ ಅಂದೇ ಏರ್ಪಟ್ಟಿತ್ತು. ಆದರೆ ಒಂದು ವ್ಯತ್ಯಾಸವುಂಟು. ಅವರು ಸಗಣಿಯನ್ನು ರಾಶಿರಾಶಿಯಾಗಿ ಸುಟ್ಟು ದಿಬ್ಬ ಮಾಡಿದರು. ಅವರ ತರುವಾಯ ಬಂದ ಒಕ್ಕಲಿಗನು ಅದನ್ನು ತಿಪ್ಪೆಯಲ್ಲಿ ಕೊಳೆಸಿ ಹೊಲಕ್ಕೆ ಹೊತ್ತನು. ಸಗಣಿಯು ಬೂದಿಯಾಗುವುದನ್ನು ಬಿಟ್ಟು ಬೆಳೆಯಾಗತೊಡಗಿದ ಆ ದಿನವೇ ನಮ್ಮ ಬೇಸಾಯಕ್ಕೆ ನಿಲುಗಡೆ ದೊರೆಯಿತು.

ತುರುವಿಗಾಗಿ ಮಡಿದವರು

ಊರೂರಿನ ಹೊರಬಯಲಲ್ಲಿ ನಿಂತಿರುವ ವೀರಗಲ್ಲುಗಳನ್ನು ಓದಿದವರಿಗೆ ತುರುಗೋಳೆಂಬ ಶಬ್ದವು ಪರಿಚಿತವಾಗಿರುತ್ತದೆ. ಹಗೆಗಳು ಬಂದು ಊರ ದನಗಳನ್ನು ಹಿಡಿದುಕೊಂಡು ಹೋಗುವಾಗ ಅಡ್ಡನಿಂತು ಕಾದಿ ತುರುಗಳನ್ನು ಮರಳಿಸಿ ಮಡಿದವರ ಸ್ಮಾರಕಗಳು ಅವು. ಶಿವಮೊಗ್ಗ, ಹಾವೇರಿ, ಧಾರವಾಡ ಪ್ರಾಂತಗಳಲ್ಲಿ ಇಂಥ ಕಲ್ಲುಗಳು ವಿಪುಲವಾಗಿವೆ. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಸಾಲಾಗಿ ನಿಂತ ಆಕಳುಗಳು, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ: ಇದು ಅವುಗಳ ಸಾಮಾನ್ಯ ರಚನೆ.

ಪಶುಗಳಿಗಾಗಿ ಪ್ರಾಣವನ್ನೇಕೆ ಕೊಡಬೇಕೆಂದು ಇಂದಿನವರು ಕೇಳಬಹುದು. ಹೊನ್ನು ಹೋದರೆ ಒಂದು ಸುಗ್ಗಿಯಲ್ಲಿ ಸ್ವಲ್ಪವಾದರೂ ಮರಳಿ ಬಂದೀತು. ಹಿಂಡು ಹೋದರೆ ಉಳುವ ಎತ್ತಿಲ್ಲ, ಹೊಲಕ್ಕೆ ಗೊಬ್ಬರವಿಲ್ಲ, ಕೂಸಿಗೆ ಹಾಲಿಲ್ಲ, ಮುಂದಿನ ಎತ್ತನ್ನು ಹೆರುವ ಆಕಳೂ ಇಲ್ಲ. ಆಕಳು ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಗಬ್ಬವನ್ನು ಹೊರುತ್ತದೆ. ಹುಟ್ಟಿದ ಹೋರಿಗರುವು ನೊಗಕ್ಕೆ ಬರಲು ಮೂರು ವರ್ಷಗಳಾದರೂ ಬೇಕು. ಕಾರಣ ಒಂದು ರಾತ್ರಿಯ ಕಳವನ್ನು ತುಂಬಿಕೊಳ್ಳಲು ಊರಿಗೆ ಹತ್ತು ವರ್ಷವೂ ಸಾಲದು. ಕಲ್ಲಿನಲ್ಲಿ ನಿಂತ ಆ ವೀರನು ಊರ ಅನ್ನವನ್ನು ಕಾದವನು.

ಪಶುವು ಬೆಳೆಯುವ ಬಂಡವಾಳವೆಂಬ ತಿಳಿವಳಿಕೆಯು ಶಾಸನಗಳಲ್ಲಿಯೂ ಕಾಣುತ್ತದೆ. ನೆರೆಯ ತಮಿಳು ನಾಡಿನ ಚೋಳರ ಕಾಲದ ದಾನಶಾಸನಗಳಲ್ಲಿ, ದೇವಾಲಯದ ಒಂದು ನಂದಾದೀಪಕ್ಕೆ ೯೬ ಕುರಿಗಳನ್ನು ಬಿಟ್ಟ ಸಂಗತಿಯು ಮೇಲಿಂದ ಮೇಲೆ ಬರುತ್ತದೆ. ಆ ಕುರಿಗಳಿಗೆ ಸಾಯದ, ಮುಪ್ಪಾಗದ ಕುರಿಗಳೆಂದು ಹೆಸರು. ಕುರಿಯೊಂದು ಸತ್ತರೆ ಮರಿಯೊಂದು ಅದರ ಎಡೆಯಲ್ಲಿ ನಿಲ್ಲುವುದರಿಂದ ಎಣಿಕೆಯು ಕುಂದಲಾರದು. ಹಿಂಡನ್ನು ಪಡೆದ ಕುರಿಗಾಹಿಯು ದಿನಕ್ಕಿಷ್ಟು ತುಪ್ಪವನ್ನು ಗುಡಿಗೆ ಅಳೆದು ಮಿಕ್ಕುದನ್ನು ತಾನು ಅನುಭವಿಸುತ್ತಿದ್ದನು. ನಮ್ಮ ಹಳ್ಳಿಗಳಲ್ಲಿ ಆಡು ಅಥವಾ ಮಣಕವನ್ನು ಬಡವರ ಮನೆಗೆ ಪಾಲಿಗೆ ಬಿಡುವ ರೂಢಿಯಲ್ಲಿಯೂ ಇದೇ ತತ್ವವಿದೆ. ಒಡೆಯನು ಹೆಣ್ಣುಮರಿಯನ್ನು ಕೊಡುತ್ತಾನೆ. ಸಾಕುವವನು ಮೇವು ನೀರು ನೋಡುತ್ತಾನೆ. ಈದ ಮರಿಗಳನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಕೈಯಲ್ಲಿ ಕಾಸಿಲ್ಲದವನು ಸಾಲ ಮಾಡದೆ ಹಿಂಡಿನ ಒಡೆಯನಾಗಲು ಇದು ಸುಲಭವಾದ ಉಪಾಯ.

ಶರಣರ ಮನ್ನಣೆ

೧೨ನೆಯ ಶತಮಾನದ ಶರಣರು ಕಾಯಕವನ್ನು ಎತ್ತಿಹಿಡಿದಾಗ ಪಶುಪಾಲನೆಗೂ ಅನುಭಾವಿಗಳ ಸಭೆಯಲ್ಲಿ ಆಸನವು ದೊರೆಯಿತು. ಕಲ್ಯಾಣದಲ್ಲಿ ತುರು ಕಾಯುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ರಾಮಣ್ಣನು ತುರುಗಾಹಿ ರಾಮಣ್ಣನೆಂದೇ ವಚನಕಾರರಲ್ಲಿ ಹೆಸರಾದನು. ಸಿಂದಗಿಯ ಸೀಮೆಯ ಗೊಲ್ಲಾಳನು ಕುರಿಗಾಹಿ. ಶ್ರೀಶೈಲದಿಂದ ಲಿಂಗವನ್ನು ತಂದುಕೊಡಿರೆಂದು ಬೇಡಿಕೊಂಡ ಈ ಮುಗ್ಧನಿಗೆ ಯಾತ್ರಿಕನು ಕುರಿಯ ಹಿಕ್ಕೆಯನ್ನು ಕೊಟ್ಟನೆಂದೂ, ಅವನು ಅದನ್ನೇ ಲಿಂಗವೆಂದು ನಂಬಿ ಹಾಲೆರೆದು ಪೂಜಿಸಿದನೆಂದೂ ಐತಿಹ್ಯವುಂಟು. ಗೊಲ್ಲಾಳೇಶ್ವರನ ಹೆಸರಿನಿಂದ ಗೋಲಗೇರಿಯು ಇಂದಿಗೂ ಯಾತ್ರಾಸ್ಥಳವಾಗಿದೆ. ಭಕ್ತಿಯ ದೃಷ್ಟಿಯಿಂದ ಈ ಕಥೆಯ ಅರ್ಥವನ್ನು ಬಲ್ಲವರು ಹೇಳಲಿ. ಒಕ್ಕಲುತನದ ದೃಷ್ಟಿಯಿಂದ ನೋಡಿದರೂ ಅದು ಬರಿದಲ್ಲ. ಲೋಕವು ಕಸವೆಂದು ಎಸೆದುದರಲ್ಲಿ ಹೊಲದ ಪ್ರಾಣವಿದೆಯೆಂಬುದನ್ನು ಕುರಿಗಾಹಿಯಷ್ಟು ಬಲ್ಲವರಾರು?

ಮಾಂಸವನ್ನು ತೊರೆದ ಮನೆಗಳಲ್ಲಿ ಕೊಟ್ಟಿಗೆಯ ಬೆಲೆಯು ಮತ್ತಷ್ಟು ಹೆಚ್ಚಿತು. ಜೋಳ ರಾಗಿಗಳ ಪ್ರೋಟೀನಿನಲ್ಲಿ ಕೆಲವು ಅಂಶಗಳು ಕಡಿಮೆ. ಬೇಳೆಯೂ ಹಾಲೂ ಅದನ್ನು ತುಂಬಿಕೊಡುತ್ತವೆ. ಬಿ-೧೨ ಎಂಬ ಜೀವಸತ್ವವಂತೂ ಕಾಳುಕಡಿ ಕಾಯಿಪಲ್ಲೆಗಳಲ್ಲಿ ದೊರೆಯುವುದೇ ಇಲ್ಲ. ಶಾಕಾಹಾರಿಯು ಅದನ್ನು ಹಾಲು ಮೊಸರು ಮಜ್ಜಿಗೆಗಳಿಂದಲೇ ಪಡೆಯಬೇಕು. ಇದರ ಹೆಸರನ್ನು ಅರಿಯದಿದ್ದರೂ ಮಜ್ಜಿಗೆಯಿಲ್ಲದ ಊಟವು ಊಟವಲ್ಲವೆಂದು ನಮ್ಮ ಹಿರಿಯರು ನಿರ್ಣಯಿಸಿದ್ದರು.

ಮೂರು ಮನೆಗಳ ಕೊಡುಕೊಳುಗೆ

ಒಂದೇ ಮನೆಯಲ್ಲಿ ಎಲ್ಲ ಪಶುಗಳೂ ಇದ್ದುವೆಂದು ತಿಳಿಯಬಾರದು. ಬಯಲುಸೀಮೆಯ ಹಳ್ಳಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಮನೆಗಳಿದ್ದವು. ಹೊಲವುಳ್ಳವನ ಮನೆಯಲ್ಲಿ ಎತ್ತು, ಆಕಳು, ಹಯನಿನ ಎಮ್ಮೆ. ಕುರುಬರ ಮನೆಯಲ್ಲಿ ಕುರಿಯ ಹಿಂಡು. ಹೊಲವಿಲ್ಲದವನ ಗುಡಿಸಲಿನ ಮುಂದೆ ಒಂದೆರಡು ಆಡು. ಸುಗ್ಗಿಯು ಮುಗಿದು ಹೊಲಗಳು ಬರಿದಾದ ಮೇಲೆ ಒಕ್ಕಲಿಗನು ಕುರುಬನನ್ನು ಕರೆದು ತನ್ನ ಹೊಲದಲ್ಲಿ ರಾತ್ರಿ ಕುರಿಗಳನ್ನು ತರುಬಿಸುತ್ತಿದ್ದನು. ಹಿಂಡು ಮಲಗಿದ ನೆಲಕ್ಕೆ ಹಿಕ್ಕೆಯೂ ಗಂಜಳವೂ ನೇರವಾಗಿ ಸೇರುವುದರಿಂದ ಹೊರುವ ಕೂಲಿಯಿಲ್ಲ, ಸಾರದ ನಷ್ಟವಿಲ್ಲ. ಕುರುಬನಿಗೆ ಜೋಳವು ಸಲ್ಲುತ್ತಿತ್ತು. ಹಿಂಡಿಗೆ ಕೂಳೆಯ ಮೇವು ಸಿಗುತ್ತಿತ್ತು.

ಹೊಲವಿಲ್ಲದವನ ಆಡಂತೂ ಬಡವರ ಆಕಳೆಂದೇ ಹೆಸರುವಾಸಿಯಾಗಿದೆ. ಅದರ ಗಬ್ಬದ ಕಾಲವು ಐದೇ ತಿಂಗಳು. ಹಲವು ವೇಳೆ ಅವಳಿ ಮರಿಗಳನ್ನು ಈಯುತ್ತದೆ. ಕಟ್ಟಿದ ದನವು ಮೂಸಿನೋಡದ ಮುಳ್ಳಿನ ಎಲೆ, ಬೇಲಿಯ ಸೊಪ್ಪು ಅದಕ್ಕೆ ಮೇವು. ಕೊಡುವ ಹಾಲು ಸ್ವಲ್ಪವೇ. ಆದರೆ ಬೇಕಾದಾಗ ಕರೆದುಕೊಳ್ಳಬಹುದಾದುದರಿಂದ ಕೂಸಿನ ಹಸಿವಿಗೆ ಅದು ಹೊತ್ತಿಗೆ ಒದಗುತ್ತದೆ. ಮಾಂಸ ತಿನ್ನದವರ ಮನೆಯಲ್ಲಿ ಹುಟ್ಟಿದ ಹೋತವು ಸಂತೆಯಲ್ಲಿ ಮಾರಿಹೋಗುತ್ತಿತ್ತೆಂಬುದನ್ನು ಮರೆಮಾಡಬೇಕಾಗಿಲ್ಲ. ಆ ಸಂಕೋಚದಿಂದಲೇ ಅನೇಕ ಶಾಕಾಹಾರಿ ಮನೆಗಳವರು ಆಡನ್ನು ತಾವು ಸಾಕದೆ ಆಕಳು ಎಮ್ಮೆಗಳಲ್ಲಿಯೇ ತೃಪ್ತರಾದರು. ಆಡು ಕಾಡನ್ನು ಹಾಳುಮಾಡುತ್ತದೆಂಬ ಆಕ್ಷೇಪವೂ ಹಳೆಯದು. ದೊಡ್ಡ ಹಿಂಡು ಎಳೆಯ ಗಿಡಗಳ ಮೇಲೆ ಬಿದ್ದರೆ ಈ ಮಾತು ನಿಜವೇ ಸರಿ. ಗೂಟಕ್ಕೆ ಕಟ್ಟಿ ಸೊಪ್ಪು ಹಾಕಿ ಸಾಕಿದ ಎರಡು ಆಡುಗಳಿಗೆ ಅದು ಅನ್ವಯಿಸದು.

ಹಿಂಡಿನ ಬಲವು ಬೀಜದ ಹೋರಿಯಲ್ಲಿದೆ. ಅದನ್ನು ಸಾಕುವ ಖರ್ಚು ಒಬ್ಬ ಬಡ ಒಕ್ಕಲಿಗನಿಗೆ ನಿಲುಕದು. ಆದುದರಿಂದ ದೇವರ ಹೆಸರಿನಲ್ಲಿ ಹೋರಿಯನ್ನು ಬಿಡುವ ಪದ್ಧತಿಯಿತ್ತು. ಬಸವನೆಂದು ಪೂಜೆಗೊಂಡ ಆ ಹೋರಿಯು ಯಾರ ಹೊಲದಲ್ಲಿ ಮೇದರೂ ಹೊಡೆಯುವವರಿರಲಿಲ್ಲ. ಊರ ಆಕಳುಗಳೆಲ್ಲವೂ ಅದರಿಂದಲೇ ಗಬ್ಬವಾಗುತ್ತಿದ್ದವು. ಧರ್ಮದ ಹೆಸರಿನಲ್ಲಿ ಊರಿಗೆ ಊರೇ ಒಂದು ಹೋರಿಯ ಮೇವಿನ ಭಾರವನ್ನು ಹಂಚಿಕೊಂಡ ಈ ಏರ್ಪಾಡು ನಮ್ಮ ಹಿರಿಯರ ಜಾಣ್ಮೆಗೆ ಸಾಕ್ಷಿಯಾಗಿದೆ.

ತುಪ್ಪ ಸಂತೆಗೆ, ಮಜ್ಜಿಗೆ ಮನೆಗೆ

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ಹಳೆಯ ಕಾಲದಲ್ಲಿ ಹಸಿ ಹಾಲನ್ನು ಮಾರುವುದು ಹಲವೆಡೆ ಹೀನಾಯವೆನಿಸಿತ್ತು. ಹಾಲನ್ನು ಹೆಪ್ಪುಹಾಕಿ, ಕಡೆದು, ಬೆಣ್ಣೆಯನ್ನು ಕಾಸಿ, ತುಪ್ಪವನ್ನು ಮಾರುತ್ತಿದ್ದರು. ತುಪ್ಪವು ಕೆಡದೆ ಬಹುಕಾಲ ಉಳಿಯುವ ಸರಕು. ದೂರದ ಸಂತೆಗೆ ಒಯ್ಯಲು ಅನುಕೂಲ. ಉಪ್ಪು, ಎಣ್ಣೆ, ಅರಿವೆಗಳಿಗೆ ಬೇಕಾದ ಹಣವು ಅದರಿಂದ ಬರುತ್ತಿತ್ತು. ಹೆಚ್ಚಾಗಿ ಆ ಹಣವು ಮನೆಯ ಹೆಣ್ಣುಮಕ್ಕಳ ಕೈಯಲ್ಲಿರುತ್ತಿತ್ತು.

ಇದರಲ್ಲಿ ಅಡಗಿರುವ ಲೆಕ್ಕವನ್ನು ವಾಚಕರು ಗಮನಿಸಬೇಕು. ಎಮ್ಮೆಯ ಹಾಲಿನಲ್ಲಿ ನೂರಕ್ಕೆ ಸುಮಾರು ೭ ಪಾಲು ಕೊಬ್ಬು, ಸುಮಾರು ೪ ಪಾಲು ಪ್ರೋಟೀನು ಇರುತ್ತದೆ. ಹಾಲನ್ನು ಕಡೆದಾಗ ಬೆಣ್ಣೆಯೊಡನೆ ಹೋಗುವುದು ಕೊಬ್ಬು ಮಾತ್ರ. ಪ್ರೋಟೀನು, ಸುಣ್ಣದ ಅಂಶ, ಬಹುಮಟ್ಟಿಗೆ ಬಿ-೧೨ ಸಹ ಮಜ್ಜಿಗೆಯಲ್ಲಿಯೇ ನಿಲ್ಲುತ್ತವೆ. ಹಣ ಬರುವ ಅಂಶವು ಸಂತೆಗೆ ಹೋಯಿತು. ಮೈ ಬೆಳೆಸುವ ಅಂಶವು ಮನೆಯಲ್ಲಿ ಉಳಿಯಿತು. ಅಷ್ಟೇ ಅಲ್ಲ: ಮಜ್ಜಿಗೆಯನ್ನು ಮಾರಬಾರದೆಂಬ ರೂಢಿಯಿದ್ದುದರಿಂದ, ಎಮ್ಮೆಯಿಲ್ಲದ ಮನೆಯ ಮಕ್ಕಳೂ ತಂಬಿಗೆ ಹಿಡಿದು ಬಂದರೆ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಮಠಗಳ ದಾಸೋಹಕ್ಕೆ ಭಕ್ತರ ಮನೆಗಳಿಂದ ಹಾಲು ಮೊಸರು ಬರುತ್ತಿದ್ದುದೂ ಈ ಸಮೃದ್ಧಿಯಿಂದಲೇ.

ಅರಸರ ದನ, ಬರ ಮತ್ತು ಬೇನೆ

ಒಕ್ಕಲಿನ ಕೊಟ್ಟಿಗೆಯ ಪಕ್ಕದಲ್ಲಿ ಅರಸರ ಕೊಟ್ಟಿಗೆಯೂ ಬೆಳೆಯಿತು. ಮೈಸೂರಿನಲ್ಲಿ ೧೬೭೨ರಿಂದ ೧೭೦೪ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿಯೆಂಬ ಇಲಾಖೆಯನ್ನು ಏರ್ಪಡಿಸಿದರು. ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲೆಂದು ಹೆಸರಿಟ್ಟನು. ಹೆಸರಿನಲ್ಲಿ ಅಮೃತವಿದ್ದರೂ ಆ ತಳಿಯ ಕೀರ್ತಿಯು ತೋಪು ಸಾಮಾನುಗಳನ್ನೆಳೆಯುವ ಎತ್ತುಗಳಿಂದ ಬಂದಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಹಿಂಡುಗಳು ಇಂಗ್ಲಿಷರ ಕೈಸೇರಿದವು. ೧೮೬೦ರಲ್ಲಿ ಖರ್ಚು ಹೆಚ್ಚೆಂದು ಅವುಗಳನ್ನು ಮಾರಿಬಿಟ್ಟರು. ಎತ್ತುಗಳ ಕೊರತೆ ತಲೆದೋರಲು ಕೆಲವೇ ವರ್ಷಗಳಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. ೧೮೮೨ರಲ್ಲಿ ಅವು ಮೈಸೂರು ಸರ್ಕಾರಕ್ಕೆ ಬಂದವು. ತಲೆಮಾರುಗಳಿಂದ ಕೂಡಿಸಿದ ತಳಿಯನ್ನು ಚೆದರಿಸುವುದು ಒಂದು ಹರಾಜಿನ ಕೆಲಸ. ಮರಳಿ ಕೂಡಿಸುವುದು ತಲೆಮಾರಿನ ಕೆಲಸ.

ಒಕ್ಕಲಿನ ಕೊಟ್ಟಿಗೆಗೆ ಅರಸರಿಗಿಂತ ಘೋರವಾದ ವೈರಿಗಳು ಇಬ್ಬರಿದ್ದರು. ಒಂದು ಬರ. ೧೮೭೬-೭೮ರ ಮಹಾಕ್ಷಾಮದ ಭೀಕರತೆಗೆ ಖಾನೆಸುಮಾರಿಯ ಅಂಕಿಗಳೇ ಸಾಕ್ಷಿ: ೧೮೭೧ರಲ್ಲಿ ೫೦,೫೫,೪೧೨ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ಬರದಲ್ಲಿ ಮೇವು ಮೊದಲು ತೀರುತ್ತದೆ, ಕಾಳು ಆಮೇಲೆ. ದನಗಳು ಸತ್ತ ಊರಿನಲ್ಲಿ ಮಳೆ ಬಂದಮೇಲೂ ಉಳುವ ಬಲವಿರುವುದಿಲ್ಲ. ಹೀಗೆ ಒಂದು ಬರವು ಎರಡು ಮೂರು ವರ್ಷ ಕಾಡುತ್ತದೆ. ಎಲೆ ತೊಪ್ಪಲು ತಿಂದು ಬದುಕಬಲ್ಲ ಆಡು ಇಂಥ ಸಮಯದಲ್ಲಿ ಕಡೆಯವರೆಗೆ ನಿಲ್ಲುತ್ತಿತ್ತು.

ಮತ್ತೊಂದು ವೈರಿಯು ದೊಡ್ಡರೋಗ. ಈ ಬೇನೆ ಹೊಕ್ಕ ಹಟ್ಟಿಯು ಕೆಲವು ದಿನಗಳಲ್ಲಿ ಬರಿದಾಗುತ್ತಿತ್ತು. ಇದರ ನಿವಾರಣೆಗೆ ಆಡೇ ನೆರವಾದುದು ಚರಿತ್ರೆಯ ಒಂದು ಸೋಜಿಗ. ೧೯೨೦ರ ದಶಕದಲ್ಲಿ ಹಿಮಾಲಯದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿಯು ಆ ರೋಗದ ವಿಷಾಣುವನ್ನು ಆಡುಗಳ ಮೈಯಲ್ಲಿ ಮೇಲಿಂದ ಮೇಲೆ ಹಾಯಿಸಿ ಸೌಮ್ಯಗೊಳಿಸಿದನು. ಅದರಿಂದ ದನಗಳಿಗೆ ಲಸಿಕೆಯು ಸಿದ್ಧವಾಯಿತು. ಮುಂದೆ ಮತ್ತಷ್ಟು ಉತ್ತಮವಾದ ಲಸಿಕೆಗಳು ಬಂದು, ಭಾರತದಲ್ಲಿ ೧೯೯೫ರ ತರುವಾಯ ಆ ರೋಗವು ಕಾಣಿಸಿಕೊಳ್ಳಲಿಲ್ಲ. ೨೦೧೧ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ಘೋಷಿಸಲ್ಪಟ್ಟಿತು.

ಗಾಂಧೀಜಿಯವರ ವಿಚಾರ

ಕೊಟ್ಟಿಗೆಯ ಪ್ರಶ್ನೆಯು ೨೦ನೆಯ ಶತಮಾನದಲ್ಲಿ ರಾಷ್ಟ್ರದ ಪ್ರಶ್ನೆಯಾಯಿತು. ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ನಡೆದಾಗ ಅಲ್ಲಿಯೇ ಗೋರಕ್ಷಣ ಪರಿಷತ್ತೂ ಜರುಗಿತು. ಮಹಾತ್ಮಾ ಗಾಂಧಿಯವರೇ ಅದರ ಅಧ್ಯಕ್ಷರಾಗಿದ್ದರು. ೧೯೨೭ರಲ್ಲಿ ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ತಂಗಿದ್ದಾಗ, ಅವರು ಬೆಂಗಳೂರಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಪಶುಪಾಲನೆಯ ಪಾಠವನ್ನು ಹೇಳಿಸಿಕೊಂಡರು. ದನವನ್ನು ಕಾಯಲು ಭಕ್ತಿಯೊಂದೇ ಸಾಲದು, ಮೇವು ತಳಿ ಲೆಕ್ಕಗಳ ಜ್ಞಾನವೂ ಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. ಆಕಳು ಎಮ್ಮೆಗಳ ಹಾಲನ್ನು ತೊರೆದಿದ್ದ ಅವರು ೧೯೧೯ರಲ್ಲಿ ಕಾಯಿಲೆಯಿಂದ ಕೃಶರಾದಾಗ ಕಸ್ತೂರಬಾ ಅವರ ಸೂಚನೆಯಂತೆ ಆಡಿನ ಹಾಲನ್ನು ಸ್ವೀಕರಿಸಿದುದು ಎಲ್ಲರೂ ಬಲ್ಲ ಸಂಗತಿ.

ಹಾಲು ಹೊರಗೆ ಹರಿದ ಕಾಲ

ಸ್ವಾತಂತ್ರ್ಯಾನಂತರ ಕೊಟ್ಟಿಗೆಯ ಚರಿತ್ರೆಯು ಹೊಸ ತಿರುವನ್ನು ಪಡೆಯಿತು. ೧೯೫೫ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಹಾಲಿನ ಸಹಕಾರಿ ಕೇಂದ್ರವು ಆರಂಭವಾಯಿತು. ೧೯೭೪ರ ತರುವಾಯ ವಿಶ್ವಬ್ಯಾಂಕಿನ ನೆರವಿನಿಂದ ಹಾಲು ಉತ್ಪಾದಕರ ಸಂಘಗಳು ಹಳ್ಳಿಹಳ್ಳಿಗೆ ಹಬ್ಬಿದವು; ಕರ್ನಾಟಕ ಹಾಲು ಮಹಾಮಂಡಳವೂ ಅದರ ನಂದಿನಿ ಹಾಲೂ ಮನೆಮಾತಾದವು. ಬೆಳೆ ಕೈಕೊಟ್ಟಾಗಲೂ ವಾರಕ್ಕಿಷ್ಟು ಹಣ ಬರುವಂತಾದುದು ಸಣ್ಣ ಹಿಡುವಳಿದಾರನಿಗೆ ದೊಡ್ಡ ಆಸರೆ. ದಲ್ಲಾಳಿಯ ಕಾಟವೂ ತಪ್ಪಿತು. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೂ ನಮ್ಮ ಅಳತೆಗೋಲನ್ನು ಇಲ್ಲಿಯೂ ಹಿಡಿದು ನೋಡಬೇಕು. ತುಪ್ಪವನ್ನು ಮಾರಿದಾಗ ಮಜ್ಜಿಗೆ ಮನೆಯಲ್ಲಿ ಉಳಿಯುತ್ತಿತ್ತು. ಹಾಲನ್ನೇ ಮಾರಿದಾಗ ಎರಡೂ ಹೊರಗೆ ಹೋಗುತ್ತವೆ. ಬಂದ ಹಣದಿಂದ ಮನೆಯವರು ಅಷ್ಟೇ ಪುಷ್ಟಿಯ ಆಹಾರವನ್ನು ಕೊಂಡರೆ ನಷ್ಟವಿಲ್ಲ. ಹಣವು ಸಾಲಕ್ಕೂ ಹಿಂಡಿಗೂ ಹೋಗಿ, ಕರೆದವರ ಮಕ್ಕಳು ಕರಿಚಹ ಕುಡಿದರೆ ಅದನ್ನು ಏಳಿಗೆಯೆನ್ನುವುದು ಹೇಗೆ? ೨೦೧೯-೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದಕ್ಕೆ ಕಾರಣಗಳು ಹಲವು. ಆದರೆ ಹಾಲಿನ ಹೊಳೆ ಹರಿಯುವ ನಾಡಿಗೆ ಈ ಅಂಕಿಯು ಶೋಭಿಸುವುದಿಲ್ಲ. ೨೦೧೩ರಲ್ಲಿ ಶಾಲಾಮಕ್ಕಳಿಗಾಗಿ ಕ್ಷೀರಭಾಗ್ಯ ಯೋಜನೆಯನ್ನು ಆರಂಭಿಸಿದುದು, ಹೊರಗೆ ಹೋದ ಹಾಲಿನ ಒಂದು ಪಾಲನ್ನು ಮಕ್ಕಳ ಬಾಯಿಗೆ ಮರಳಿ ತರುವ ಪ್ರಯತ್ನವೆಂದು ಹೇಳಬಹುದು.

ಎರಡನೆಯ ನಷ್ಟವು ಮೇವಿನ ನೆಲದ್ದು. ಮೈಸೂರಿನ ಕಡೆ ಗೋಮಾಳವೆಂದೂ ಮುಂಬಯಿ ಕರ್ನಾಟಕದಲ್ಲಿ ಗಾಯರಾಣವೆಂದೂ ಕರೆಯಲ್ಪಟ್ಟ ಊರೊಟ್ಟಿನ ಹುಲ್ಲುಗಾವಲೇ ಹೊಲವಿಲ್ಲದವನ ಆಡಿಗೆ ಆಧಾರ. ೧೯೬೬ರ ಭೂಕಂದಾಯ ನಿಯಮಗಳು ಪ್ರತಿ ೧೦೦ ದನಗಳಿಗೆ ೧೨ ಹೆಕ್ಟೇರು, ಅಂದರೆ ಸುಮಾರು ೩೦ ಎಕರೆ ಗೋಮಾಳವಿರಬೇಕೆಂದು ವಿಧಿಸಿದವು. ಆದರೆ ಒತ್ತುವರಿ, ಮಂಜೂರಾತಿ, ನಿವೇಶನ, ಕಾರ್ಖಾನೆಗಳಿಗೆ ಸಂದು ಗೋಮಾಳವು ಊರೂರಿನಲ್ಲಿ ಕುಗ್ಗುತ್ತ ಬಂದಿದೆ. ೨೦೧೯ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ ಸುಮಾರು ೮೫ ಲಕ್ಷ ದನ, ೩೦ ಲಕ್ಷ ಎಮ್ಮೆ, ೧ ಕೋಟಿ ೧೦ ಲಕ್ಷ ಕುರಿ, ೬೨ ಲಕ್ಷ ಆಡುಗಳಿದ್ದವು. ಇವುಗಳಿಗೆಲ್ಲ ನೆಲವೆಲ್ಲಿದೆ? ಮೇವನ್ನು ಕೊಂಡು ತರಬೇಕಾದ ಬಡವನು ಆಡನ್ನು ಸಾಕಲಾರನು. ತುರುಗೋಳಿನ ಹಗೆಯು ಹಿಂಡನ್ನು ಒಯ್ದನು. ಊರಿನ ವೀರನು ಅವನನ್ನು ಅಡ್ಡಗಟ್ಟಿದನು. ಹುಲ್ಲುಗಾವಲನ್ನು ಒಯ್ಯುವವನು ಕಾಗದವನ್ನು ಹಿಡಿದು ಬರುತ್ತಾನಾದುದರಿಂದ ಅವನನ್ನು ಅಡ್ಡಗಟ್ಟುವವರಿಲ್ಲ.

ಉಪಸಂಹಾರ

ಹಿಂದಿನ ಕಾಲವೇ ಮರಳಲೆಂದು ಯಾರೂ ಬಯಸಲಾರರು. ಆ ಕಾಲದಲ್ಲಿ ಬರವಿತ್ತು, ದೊಡ್ಡರೋಗವಿತ್ತು, ಆಡಿನ ಹೊರತು ಬೇರೇನೂ ಇಲ್ಲದವನ ಬಡತನವಿತ್ತು. ಆದರೆ ಆ ಕಾಲದ ಜನರು ಕಂಡುಕೊಂಡ ಕೆಲವು ನಿಯಮಗಳು ಇಂದಿಗೂ ಸಲ್ಲತಕ್ಕವಾಗಿವೆ. ಮನೆಯ ಮಕ್ಕಳ ಪಾಲನ್ನು ಮೊದಲು ತೆಗೆದಿರಿಸಿ ಮಿಕ್ಕುದನ್ನು ಮಾರತಕ್ಕದ್ದು. ಕೊಟ್ಟಿಗೆಯ ಗೊಬ್ಬರವು ತನ್ನ ಹೊಲಕ್ಕೆ ಸಲ್ಲತಕ್ಕದ್ದು. ಊರ ಹುಲ್ಲುಗಾವಲನ್ನು ಊರೇ ಕಾಯತಕ್ಕದ್ದು. ಇಲ್ಲದವನಿಗೆ ಉಳ್ಳವನು ಒಂದು ಹೆಣ್ಣುಮರಿಯನ್ನು ಪಾಲಿಗೆ ಬಿಡತಕ್ಕದ್ದು.

ಈ ಕೊನೆಯ ನಿಯಮವು ವಿಶೇಷವಾಗಿ ಮಠಗಳೂ ಸಂಘಸಂಸ್ಥೆಗಳೂ ಎತ್ತಿಕೊಳ್ಳಬಹುದಾದ ಕಾರ್ಯ. ಪಂಕ್ತಿಯಲ್ಲಿ ಬಡಿಸಿದ ಅನ್ನವು ಒಂದು ಹೊತ್ತಿನ ಹಸಿವನ್ನು ಕಳೆಯುತ್ತದೆ. ಬಡವರ ಮನೆಗೆ ಪಾಲಿಗೆ ಬಿಟ್ಟ ಒಂದು ಮಣಕವು ಮೂರು ನಾಲ್ಕು ವರ್ಷಗಳಲ್ಲಿ ಆ ಮನೆಯ ಮಜ್ಜಿಗೆಯ ಗಡಿಗೆಯನ್ನು ತುಂಬಿ, ಅದರ ಕರುವು ಮತ್ತೊಂದು ಮನೆಗೆ ಹೋಗುತ್ತದೆ. ಸಾಯದ, ಮುಪ್ಪಾಗದ ಹಿಂಡೆಂದು ಹಳೆಯ ಶಾಸನಗಳು ಕರೆದುದು ಇಂಥ ದಾನವನ್ನೇ. ಅದರಿಂದ ಹಿಂದೆ ಗುಡಿಯಲ್ಲೊಂದು ದೀಪವು ಉರಿಯುತ್ತಿತ್ತು. ಇಂದು ಮನೆಯಲ್ಲೊಂದು ಒಲೆಯು ಉರಿಯಬಲ್ಲದು. ಈ ವಿಚಾರವನ್ನು ಸಹೃದಯರಾದ ವಾಚಕರ ಪರಾಮರ್ಶೆಗೆ ಒಪ್ಪಿಸಿ ಲೇಖನವನ್ನು ಮುಗಿಸುತ್ತೇನೆ.